ಕಾದ ತಟ್ಟೆ, ತಣ್ಣನೆ ಬಟ್ಟಲು

ಸಿಜ್ಲರ್‌ನ ಜೀವ ಇರುವುದು ತಟ್ಟೆಯಲ್ಲಿ. ದಪ್ಪನೆಯ ಎರಕದ ಕಬ್ಬಿಣದ ತಟ್ಟೆಯನ್ನು ಖಾಲಿಯಾಗಿಯೇ ಒಲೆಯ ಮೇಲಿಟ್ಟು ಚೆನ್ನಾಗಿ ಕಾಯಿಸುತ್ತಾರೆ. ಕಾದದ್ದನ್ನು ಇಕ್ಕಳದಿಂದ ಎತ್ತಿ, ಅದರ ಅಳತೆಗೇ ಕೊರೆದ ಮರದ ಮಣೆಯ ಮೇಲೆ ಕೂರಿಸುತ್ತಾರೆ. ಎಲೆಕೋಸಿನ ಎರಡು ಮೂರು ಎಲೆ ಹಾಸಿ, ಮೇಲೆ ಅನ್ನ ಅಥವಾ ನೂಡಲ್ಸ್, ಪಕ್ಕದಲ್ಲಿ ಬೇಯಿಸಿದ ಕ್ಯಾರೆಟ್, ಬೀನ್ಸ್, ಕರಿದ ಆಲೂಗಡ್ಡೆ, ನಡುವೆ ಪನೀರ್, ಕಟ್ಲೆಟ್ ಅಥವಾ ಕೋಳಿಮಾಂಸದ ತುಂಡುಗಳನ್ನು ಜೋಡಿಸುತ್ತಾರೆ. ಇವೆಲ್ಲ ಬೇರೆ ಬೇರೆ ಪಾತ್ರೆಯಲ್ಲಿ ಮೊದಲೇ ಬೆಂದಿರುತ್ತವೆ. ಕಡೆಗೆ ಒಂದಿಷ್ಟು ಬೆಣ್ಣೆ, ಒಂದಿಷ್ಟು ಸಾಸ್ ತಟ್ಟೆಯ ಅಂಚಿಗೆ ಬಿದ್ದೊಡನೆ ಚುರ್ರೆಂದು ಸದ್ದೆದ್ದು ಹೊಗೆಯೂ ಆವಿಯೂ ಮೇಲೇರುತ್ತವೆ. ಆ ಸದ್ದು ಅಡಗುವ ಮೊದಲೇ ತಟ್ಟೆ ಮೇಜಿಗೆ ಬರಬೇಕು.

ಜೆಲಾಟೊ ಎದುರು ತುದಿಯದು. ಹಾಲು, ಸಕ್ಕರೆ, ಸ್ವಲ್ಪ ಕೆನೆ, ಜೊತೆಗೆ ಹಣ್ಣಿನ ತಿರುಳನ್ನೋ ಬೀಜದ ಹಿಟ್ಟನ್ನೋ ಸೇರಿಸಿ, ನಿಧಾನವಾಗಿ ಕಡೆಯುತ್ತ ಹೆಪ್ಪುಗಟ್ಟಿಸಿದ ಇಟಲಿ ಮೂಲದ ಸಿಹಿ ಅದು. ಮೊದಲು ಕಾದ ತಟ್ಟೆ, ಆಮೇಲೆ ತಣ್ಣನೆ ಬಟ್ಟಲು ಎಂಬ ಕ್ರಮ ದೊಡ್ಡ ಊರುಗಳಲ್ಲಿ ಈಗ ರಜೆಯ ದಿನದ ರೂಢಿಯಾಗಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು, ನಾಯಕನಹಟ್ಟಿ ಕಡೆಯವರು ಇವೆರಡನ್ನೂ ಹೆಚ್ಚಾಗಿ ಕಾಣುವುದು ಬೆಂಗಳೂರಿಗೆ ಹೋದಾಗಲೇ. ಆಸ್ಪತ್ರೆಯ ಕೆಲಸವೋ, ಮಕ್ಕಳನ್ನು ಕಾಲೇಜಿಗೆ ಸೇರಿಸುವ ಓಡಾಟವೋ ಮುಗಿದ ಮೇಲೆ ಹೊರಗೆ ಊಟ ಎಂದಾಗ ಈ ತಟ್ಟೆ ಎದುರಾಗುತ್ತದೆ. ಕೊಟ್ಟ ಹಣಕ್ಕೆ ತಕ್ಕದ್ದು ಬಂತೇ ಎಂಬ ಪ್ರಶ್ನೆಯೂ ಅಲ್ಲಿಯೇ ಹುಟ್ಟುತ್ತದೆ. ಅದಕ್ಕೆ ಉತ್ತರ ಹೇಳಬೇಕಾದರೆ ಕಾವು ಮತ್ತು ತಂಪು ಎರಡನ್ನೂ ಸಾಮಗ್ರಿಗಳೆಂದೇ ಎಣಿಸಬೇಕು. ಪನೀರ್, ಹಾಲು ಇದ್ದಂತೆ ಇವೂ ಊಟದ ಭಾಗ; ಆದರೆ ಇವುಗಳ ಆಯುಸ್ಸು ಕೆಲವೇ ನಿಮಿಷ.

ತಟ್ಟೆಯಲ್ಲಿರುವ ಶಾಖದ ಲೆಕ್ಕ

ಬಿಸಿ ಲೋಹದ ಹಲಗೆಯ ಮೇಲೆ ಗಿರಾಕಿಯ ಕಣ್ಣೆದುರಿಗೇ ಬೇಯಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಜಪಾನಿನ ಕೋಬೆ ನಗರದ ಮಿಸೊನೊ ಹೋಟೆಲ್ 1945ರಲ್ಲಿ ಶುರುಮಾಡಿದ ತೆಪ್ಪನ್ಯಾಕಿ ಆ ಬಗೆಯದು. ಭಾರತಕ್ಕೆ ಸಿಜ್ಲರ್ ಬಂದದ್ದು ಮುಂಬೈ ಮೂಲಕ. ಫಿರೋಜ್ ಇರಾನಿ 1963ರಲ್ಲಿ ಅಲ್ಲಿ ಸಿಜ್ಲರ್ ಬಡಿಸುವ ಹೋಟೆಲ್ ತೆರೆದರು. ಮುಂದೆ ಅದೇ ಮನೆತನದವರು ಪುಣೆಗೂ ಅದನ್ನು ಒಯ್ದರು. ಇಲ್ಲಿಗೆ ಬಂದ ಮೇಲೆ ಅದರ ಮೈಕಟ್ಟು ಬದಲಾಯಿತು. ಮಾಂಸದ ದೊಡ್ಡ ತುಂಡಿನ ಜಾಗಕ್ಕೆ ಪನೀರ್ ಮತ್ತು ತರಕಾರಿ ಕಟ್ಲೆಟ್ ಬಂದವು. ಬ್ರೆಡ್ಡಿನ ಬದಲು ಅನ್ನ, ನೂಡಲ್ಸ್ ಸೇರಿದವು. ಸಾಸಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ ಬಿದ್ದವು. ಇಡೀ ಊಟ ಒಂದೇ ತಟ್ಟೆಯಲ್ಲಿ ಮುಗಿಯುವಂತಾದದ್ದು ಮನೆಮಂದಿಯೆಲ್ಲ ಸೇರಿ ಹೋಗುವವರಿಗೆ ಅನುಕೂಲವಾಯಿತು.

ತಟ್ಟೆಗೆ ಎರಕದ ಕಬ್ಬಿಣವನ್ನೇ ಆರಿಸುವುದಕ್ಕೆ ಕಾರಣ ಅದರ ತೂಕ. ತೆಳು ಅಲ್ಯೂಮಿನಿಯಂ ಬೇಗ ಕಾಯುತ್ತದೆ, ತಣ್ಣನೆ ಪದಾರ್ಥ ಬಿದ್ದೊಡನೆ ಅಷ್ಟೇ ಬೇಗ ಆರುತ್ತದೆ. ದಪ್ಪ ಕಬ್ಬಿಣ ನಿಧಾನವಾಗಿ ಕಾದರೂ ಒಡಲಲ್ಲಿ ಬಹಳ ಶಾಖ ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಎಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಒಂದು ಕಿಲೋ ಎರಕದ ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್ ಆರಿದರೆ ಸುಮಾರು 460 ಜೂಲ್ ಶಾಖ ಹೊರಬರುತ್ತದೆ. 220 ಡಿಗ್ರಿಗೆ ಕಾದ ಒಂದು ಕಿಲೋ ತೂಕದ ತಟ್ಟೆ 100 ಡಿಗ್ರಿಗೆ ಇಳಿಯುವಷ್ಟರಲ್ಲಿ ಅದು ಬಿಟ್ಟುಕೊಡುವ ಒಟ್ಟು ಶಾಖ ಸುಮಾರು 55 ಕಿಲೋಜೂಲ್. ಕುದಿಯುವ ಹಂತಕ್ಕೆ ಬಂದ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.26 ಕಿಲೋಜೂಲ್ ಬೇಕು. ಅಂದರೆ ತಟ್ಟೆಯ ಶಾಖವೆಲ್ಲ ಬೇರೆಲ್ಲೂ ಪೋಲಾಗದೆ ನೀರಿಗೇ ಹೋದರೂ ಆವಿಯಾಗುವುದು 24 ಗ್ರಾಂ ಮಾತ್ರ, ಎರಡು ದೊಡ್ಡ ಚಮಚಕ್ಕೂ ಕಡಿಮೆ.

ಸಿಜ್ಲರ್ ಬಗ್ಗೆ ತಿಳಿಯಬೇಕಾದ ಬಹುಪಾಲು ಸಂಗತಿ ಈ ಲೆಕ್ಕದಲ್ಲಿಯೇ ಇದೆ. ಸಾಸನ್ನು ಧಾರಾಳವಾಗಿ ಸುರಿದರೆ ತಟ್ಟೆ ಒಂದು ಕ್ಷಣ ಜೋರಾಗಿ ಕೂಗಿ ಸುಮ್ಮನಾಗುತ್ತದೆ. ನೂಡಲ್ಸ್ ಬೆಂದ ನೀರಿನಲ್ಲಿ ಕೂತಂತೆ ಮೆತ್ತಗಾಗುತ್ತದೆ. ಸ್ವಲ್ಪ ಸ್ವಲ್ಪವೇ ಅಂಚಿಗೆ ಬಿಟ್ಟರೆ ಸದ್ದೂ ಬಹಳ ಹೊತ್ತು ನಿಲ್ಲುತ್ತದೆ, ಪದಾರ್ಥದ ತಳವೂ ಗರಿಯಾಗುತ್ತದೆ. ಆದ್ದರಿಂದ ಸಾಸನ್ನು ಬೇರೆ ಬಟ್ಟಲಲ್ಲಿ ಕೇಳಿ ಪಡೆಯುವುದು ಒಳ್ಳೆಯದು. ಸದ್ದು ಜೋರಾಗಿದ್ದ ಮಾತ್ರಕ್ಕೆ ತಟ್ಟೆ ಚೆನ್ನಾಗಿ ಕಾದಿದೆ ಎಂದು ತಿಳಿಯಬಾರದು. ಅಡುಗೆಮನೆಯ ಬಾಗಿಲಲ್ಲಿ ನೀರು ಚಿಮುಕಿಸಿಯೂ ಸದ್ದು ಬರಿಸಬಹುದು. ಪನೀರಿನ ತಳ ತಿರುಗಿಸಿ ನೋಡಿದರೆ ನಿಜ ಗೊತ್ತಾಗುತ್ತದೆ. ಅಲ್ಲಿ ಕಂದು ಬಣ್ಣದ ಗರಿ ಇದ್ದರೆ ಆ ತಟ್ಟೆ ಕೆಲಸ ಮಾಡಿದೆ.

ಆ ಕಂದು ಬಣ್ಣವೇ ರುಚಿಯ ಮೂಲ. ಸುಮಾರು 140 ಡಿಗ್ರಿ ದಾಟಿದ ಮೇಲೆ ಪದಾರ್ಥದಲ್ಲಿನ ಪ್ರೋಟೀನಿನ ಅಂಶಗಳೂ ಸಕ್ಕರೆಯೂ ಚುರುಕಾಗಿ ಸೇರಿಕೊಂಡು ನೂರಾರು ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದ. ನೀರು ಇರುವವರೆಗೆ ಪದಾರ್ಥದ ಮೈ 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಬೇಯಿಸಿದ್ದರಲ್ಲಿ ಈ ಪರಿಮಳ ಬರುವುದಿಲ್ಲ; ಸುಟ್ಟದ್ದರಲ್ಲಿ, ಹುರಿದದ್ದರಲ್ಲಿ, ಕರಿದದ್ದರಲ್ಲಿ ಬರುತ್ತದೆ. ಹಂಚಿನ ಮೇಲೆ ಮಚ್ಚೆ ಬಿದ್ದ ರೊಟ್ಟಿಯ ಘಮವೂ ಇದೇ. ಎಲೆಕೋಸಿನ ಎಲೆಗೂ ಒಂದು ಕೆಲಸವಿದೆ: ಅನ್ನ, ನೂಡಲ್ಸ್ ನೇರವಾಗಿ ಕಬ್ಬಿಣಕ್ಕೆ ತಾಗಿ ಸೀದು ಹೋಗದಂತೆ ಅದು ಅಡ್ಡ ನಿಲ್ಲುತ್ತದೆ. ತಾನು ಮಾತ್ರ ಕೊನೆಗೆ ಅಂಚೆಲ್ಲ ಕರಿದಂತಾಗಿ, ಸಾಸ್ ಹೀರಿಕೊಂಡು ಕೂತಿರುತ್ತದೆ. ಬಹಳ ಮಂದಿ ಅದನ್ನು ಅಲಂಕಾರವೆಂದುಕೊಂಡು ಬಿಟ್ಟೇಳುತ್ತಾರೆ. ಆ ತಟ್ಟೆಯಲ್ಲಿ ಅದಕ್ಕಿಂತ ರುಚಿಯಾದ ತುತ್ತು ಸಿಗುವುದು ಕಷ್ಟ.

ತಿನ್ನುವಾಗ ಎರಡು ಎಚ್ಚರ ಸಾಕು. ಸದ್ದು ನಿಂತ ಎಷ್ಟೋ ಹೊತ್ತಿನವರೆಗೆ ಕಬ್ಬಿಣ ಕೈ ಸುಡುವಷ್ಟು ಬಿಸಿ ಇರುತ್ತದೆ. ಚಿಕ್ಕ ಮಕ್ಕಳ ಎದುರಿಗೆ ಅದನ್ನು ಇಡಬಾರದು. ಮೊದಲು ತಳಕ್ಕೆ ತಾಗಿದ ಪನೀರು, ಮಾಂಸ, ಆಲೂಗಡ್ಡೆಗಳನ್ನು ಮುಗಿಸಿ, ಎಲೆಯ ಮೇಲಿನ ಅನ್ನವನ್ನು ಆಮೇಲೆ ತಿನ್ನಬೇಕು. ತಡಮಾಡಿದರೆ ಮೊದಲಿನವು ಒಣಗಿ ಗಟ್ಟಿಯಾಗುತ್ತವೆ.

ಹಂಚು ಬಲ್ಲ ಸೀಮೆ

ಕಬ್ಬಿಣದ ಮೇಲಿಂದ ನೇರವಾಗಿ ತಟ್ಟೆಗೆ, ತಟ್ಟೆಯಿಂದ ತಡಮಾಡದೆ ಬಾಯಿಗೆ ಎಂಬ ನಿಯಮ ಮಧ್ಯ ಕರ್ನಾಟಕದ ಬಯಲುಸೀಮೆಗೆ ಮೊದಲಿನಿಂದಲೂ ಗೊತ್ತು. ಇದಕ್ಕೆ ಹೆಸರಾದ ಸಾಕ್ಷಿ ದಾವಣಗೆರೆಯ ಬೆಣ್ಣೆದೋಸೆ. ಬೆಳಗಾವಿ ಸೀಮೆಯ ಬೆಣ್ಣಿಕೊಪ್ಪದಿಂದ 1928ರ ಸುಮಾರಿಗೆ ಮಕ್ಕಳೊಂದಿಗೆ ದಾವಣಗೆರೆಗೆ ಬಂದ ಚೆನ್ನಮ್ಮ ನಾಟಕದ ಥಿಯೇಟರಿನ ಬಳಿ ರಾಗಿದೋಸೆ ಹಾಕಿ ಮಾರಲು ತೊಡಗಿದರು. ಮುಂದೆ ಅವರ ಮಕ್ಕಳ ಕಾಲಕ್ಕೆ ರಾಗಿಯ ಜಾಗದಲ್ಲಿ ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟು ಬಂತು, ಮೇಲೆ ಬೆಣ್ಣೆ ಬಿತ್ತು. ಸೌದೆ ಒಲೆಯ ಮೇಲಿನ ದಪ್ಪ ಕಾವಲಿ, ಹದವಾಗಿ ಹುಳಿಬಂದ ಹಿಟ್ಟು, ಉಪ್ಪಿಲ್ಲದ ಬೆಣ್ಣೆ, ಖಾರವಿಲ್ಲದ ಬಿಳಿ ಆಲೂಗಡ್ಡೆ ಪಲ್ಯ ಇಷ್ಟೇ ಅದರ ಬಂಡವಾಳ. ಬೆಣ್ಣೆದೋಸೆಗೂ ಸಿಜ್ಲರ್‌ಗೂ ಇರುವ ಅಂತರವೆಂದರೆ ಕಾವಲಿ ಅಡುಗೆಮನೆಯಲ್ಲಿ ಉಳಿಯುತ್ತದೆ, ದೋಸೆ ಮಾತ್ರ ಮೇಜಿಗೆ ಬರುತ್ತದೆ. ಆರಿದ ದೋಸೆಯನ್ನು ಮುಂದಿಟ್ಟರೆ ವಾಪಸ್ ಕಳಿಸುವ ಗಿರಾಕಿಗೆ ಆರಿದ ಸಿಜ್ಲರ್ ವಾಪಸ್ ಕಳಿಸಲು ಸಂಕೋಚ ಬೇಕಿಲ್ಲ.

ನಾಯಕನಹಟ್ಟಿ, ಚಳ್ಳಕೆರೆಗಳ ಸಂಜೆಯ ತಿಂಡಿ ಮಂಡಕ್ಕಿ ಮತ್ತು ಮಿರ್ಚಿ. ಉಪ್ಪುನೀರಿನ ಹದ ಕಂಡ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದರೆ ಅದರೊಳಗಿನ ತೇವ ಒಮ್ಮೆಲೇ ಆವಿಯಾಗಿ ಕಾಳು ಅರಳಿ ಮಂಡಕ್ಕಿಯಾಗುತ್ತದೆ. ಅದಕ್ಕೆ ಶೇಂಗಾ, ಹುರಿಗಡಲೆ ಪುಡಿ, ಈರುಳ್ಳಿ, ಒಗ್ಗರಣೆ. ಪಕ್ಕದ ಬಾಣಲೆಯಲ್ಲಿ ಕಡಲೆಹಿಟ್ಟಿನಲ್ಲಿ ಅದ್ದಿದ ಉದ್ದನೆಯ ಮೆಣಸಿನಕಾಯಿ ಕರಿಯುತ್ತಿರುತ್ತದೆ. ಚಳ್ಳಕೆರೆ ಶೇಂಗಾ ಬೆಳೆಗೂ ಎಣ್ಣೆ ಗಿರಣಿಗಳಿಗೂ ಹೆಸರಾದ ಊರು. ಎಣ್ಣೆ ಹದವಾಗಿ ಕಾದಿದೆಯೇ ಎಂಬುದನ್ನು ಇಲ್ಲಿನ ಕೈಗಳು ಒಂದು ತೊಟ್ಟು ಹಿಟ್ಟು ಬಿಟ್ಟು ಹೇಳಬಲ್ಲವು: ತಳದಲ್ಲಿ ಕೂತರೆ ಕಾದಿಲ್ಲ, ಬಿದ್ದೊಡನೆ ತೇಲಿ ಕಪ್ಪಾದರೆ ಕಾವು ಮಿತಿ ಮೀರಿದೆ, ಇಳಿದು ನಿಧಾನವಾಗಿ ಮೇಲೆದ್ದರೆ ಸರಿ.

ಕಾವಿನ ಈ ಊಟವೂ ಅದರ ಬೆನ್ನಿಗೆ ಬರುವ ತಂಪೂ ಒಂದೇ ದಿನ ಒಂದೇ ಕಡೆ ಕೂಡುವುದು ಜಾತ್ರೆಯಲ್ಲಿ. ನಾಯಕನಹಟ್ಟಿ ಗುರು ತಿಪ್ಪೇರುದ್ರಸ್ವಾಮಿಯ ದೊಡ್ಡ ರಥೋತ್ಸವ ಫಾಲ್ಗುಣ ಮಾಸದಲ್ಲಿ, ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ. ಈ ಒಣಸೀಮೆಯಲ್ಲಿ ಐದು ಕೆರೆ ಕಟ್ಟಿಸಿದ ಗುರುವೆಂದು ಜನ ನೆನೆಯುವ ತಿಪ್ಪೇಸ್ವಾಮಿಯ ಪರಿಷೆಗೆ ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಸೀಮೆಯಿಂದಲೂ ಆಂಧ್ರದ ಗಡಿಯ ಊರುಗಳಿಂದಲೂ ಭಕ್ತರು ಬರುತ್ತಾರೆ. ಒಣಕೊಬ್ಬರಿ ಸುಡುವುದು ಇಲ್ಲಿನ ಹರಕೆ. ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ ಇರುವುದರಿಂದ ಒಮ್ಮೆ ಹತ್ತಿದ ಬೆಂಕಿ ಬೇರೆ ಸೌದೆ ಬೇಡದೆ ಉರಿಯುತ್ತದೆ. ಅದರ ಸಿಹಿ ಕಮಟು ಗುಡಿಯ ಸುತ್ತ ಬಹಳ ಹೊತ್ತು ನಿಲ್ಲುತ್ತದೆ. ದೊಡ್ಡ ತೇರಿನ ನಂತರದ ಮರಿಪರಿಷೆಯಲ್ಲಿ ಮಾಂಸದೂಟದ ಒಲೆಗಳು ಹೊತ್ತುತ್ತವೆ.

ಮಾರ್ಚ್ ಹೊತ್ತಿಗೆ ಇಲ್ಲಿನ ಬಿಸಿಲು ಏರಿರುತ್ತದೆ. ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಪ್ರದೇಶಗಳಲ್ಲಿ ಒಂದು. ಅಂಥ ದಿನ ಮಿರ್ಚಿ ತಿಂದ ಬಾಯಿಗೆ ಬೇಕಾದ ತಂಪನ್ನು ಮಜ್ಜಿಗೆ, ಪಾನಕ, ಕಲ್ಲಂಗಡಿ, ಕಬ್ಬಿನ ಹಾಲು, ಐಸ್ ಕ್ಯಾಂಡಿಗಳು ಹಂಚಿಕೊಂಡು ಒದಗಿಸುತ್ತವೆ. ಎಲ್ಲವೂ ಒಂದೇ ಬಗೆಯ ತಂಪಲ್ಲ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ನಾಲಿಗೆಯಲ್ಲಿ ಸುಡುವ ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಕೆಣಕುತ್ತದೆ. ಅದಕ್ಕೇ ಖಾರ ತಿಂದರೆ ಬಾಯಿ ಉರಿಯುತ್ತದೆ. ಆ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಂದಿತು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಲಿನ ಕೇಸೀನ್ ಎಂಬ ಪ್ರೋಟೀನ್ ಅದನ್ನು ಹಿಡಿದು ಎಳೆದುಕೊಳ್ಳುತ್ತದೆ. ಐಸ್ ಕ್ಯಾಂಡಿ ನಾಲಿಗೆಯನ್ನು ಜಡವಾಗಿಸಿ ಉರಿಯನ್ನು ಮುಂದೂಡುತ್ತದೆ ಅಷ್ಟೇ. ಕ್ಯಾಂಡಿ ಕರಗಿದ ಮೇಲೆ ಖಾರ ಮರಳುತ್ತದೆ. ಮಜ್ಜಿಗೆ, ಹಾಲಿನ ಐಸ್‌ಕ್ರೀಂ, ಜೆಲಾಟೊಗಳು ಖಾರವನ್ನೇ ತೊಳೆಯುತ್ತವೆ. ಸಿಜ್ಲರ್ ನಂತರ ಜೆಲಾಟೊ ಎಂಬ ಕ್ರಮ ಹಿತವೆನಿಸುವುದಕ್ಕೆ ಇದೂ ಒಂದು ಕಾರಣ.

ಪಾವ್‌ಭಾಜಿ ಬಿಟ್ಟ ಐಸ್‌ಕ್ರೀಂ ಅಂಗಡಿ

ಬಿಸಿ ತವಾ ಮತ್ತು ತಣ್ಣನೆ ಬಟ್ಟಲು ಒಂದೇ ಅಂಗಡಿಯಲ್ಲಿ ಕೂಡಿದ್ದ ಒಂದು ದೊಡ್ಡ ಉದಾಹರಣೆಯನ್ನು ಕನ್ನಡ ನಾಡಿನವರೇ ಕೊಟ್ಟಿದ್ದಾರೆ. ದಕ್ಷಿಣ ಕನ್ನಡದ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತ್ ಎಳೆಯ ವಯಸ್ಸಿನಲ್ಲಿ ಮುಂಬೈ ಸೇರಿ ಅಣ್ಣನ ಹೋಟೆಲಿನಲ್ಲಿ ದುಡಿದರು. 1984ರ ಫೆಬ್ರವರಿ 14ರಂದು ಜುಹೂವಿನಲ್ಲಿ ತಮ್ಮದೇ ನ್ಯಾಚುರಲ್ಸ್ ಅಂಗಡಿ ತೆರೆದರು. ಬರೀ ಐಸ್‌ಕ್ರೀಂಗೆ ಜನ ಬರುತ್ತಾರೋ ಇಲ್ಲವೋ ಎಂಬ ಅಳುಕಿನಿಂದ ಖಾರವಾದ ಪಾವ್‌ಭಾಜಿಯನ್ನು ಮುಂದಿಟ್ಟು, ಅದರ ಜೊತೆಗೆ ತಂಪಿಗೆಂದು ಐಸ್‌ಕ್ರೀಂ ಮಾರಿದರು. ಖಾರ ತಿಂದವರು ತಂಪು ಕೇಳಿಯೇ ಕೇಳುತ್ತಾರೆ ಎಂಬ ಅಂದಾಜು ಫಲಿಸಿತು. ಸೀತಾಫಲ, ಮಾವು, ಗೋಡಂಬಿ-ದ್ರಾಕ್ಷಿಗಳ ಐಸ್‌ಕ್ರೀಂಗಾಗಿಯೇ ಜನ ಬರತೊಡಗಿದ ಮೇಲೆ ಪಾವ್‌ಭಾಜಿಯನ್ನು ನಿಲ್ಲಿಸಿಬಿಟ್ಟರು. ಒಳ್ಳೆಯ ಹಣ್ಣನ್ನು ಆರಿಸುವುದನ್ನು ಅವರು ತಂದೆಯಿಂದ ಕಲಿತಿದ್ದರು. ತಿರುಳು ಬಿಡಿಸುವ ಯಂತ್ರಗಳನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ರೂಪಿಸಿಕೊಂಡರು. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಅವರ ಅಂಗಡಿಗಳು ದೇಶದ ಹಲವು ನಗರಗಳಲ್ಲಿದ್ದವು.

ಕರಾವಳಿಯ ಐಸ್‌ಕ್ರೀಂ ಪ್ರೀತಿಗೆ ಬೇರೆ ಹೆಸರುಗಳೂ ಉಂಟು. ಪ್ರಭಾಕರ ಕಾಮತ್ 1975ರಲ್ಲಿ ಮಂಗಳೂರಿನಲ್ಲಿ ಐಡಿಯಲ್ ಶುರುಮಾಡಿದರು. ಎತ್ತರದ ಗ್ಲಾಸಿನಲ್ಲಿ ಹಲವು ಐಸ್‌ಕ್ರೀಂ, ಜೆಲ್ಲಿ, ಹಣ್ಣು, ಬೀಜಗಳನ್ನು ಪದರ ಪದರವಾಗಿ ತುಂಬುವ ಗಡ್‌ಬಡ್ ಹುಟ್ಟಿದ್ದು ತಮ್ಮಲ್ಲೇ ಎಂದು ಉಡುಪಿ, ಮಂಗಳೂರು ಎರಡೂ ಹೇಳಿಕೊಳ್ಳುತ್ತವೆ. ಬೆಂಗಳೂರಿನಲ್ಲಿ ನಾರಾಯಣ ರಾವ್ 1982ರಲ್ಲಿ ತೆರೆದ ಕಾರ್ನರ್ ಹೌಸ್, ತಣ್ಣನೆ ಐಸ್‌ಕ್ರೀಂ ಮೇಲೆ ಬಿಸಿ ಚಾಕೊಲೇಟ್ ಸುರಿಯುವ ಬಟ್ಟಲುಗಳಿಂದ ಒಂದು ತಲೆಮಾರಿನ ವಿದ್ಯಾರ್ಥಿಗಳನ್ನು ಕಟ್ಟಿಹಾಕಿತು.

ಸಿಜ್ಲಿಂಗ್ ಬ್ರೌನಿ ಎಂಬ ತಿನಿಸಿನಲ್ಲಂತೂ ಇವೆರಡೂ ಒಂದೇ ತಟ್ಟೆಗೆ ಬಂದಿವೆ. ಕಾದ ಕಬ್ಬಿಣದ ಮೇಲೆ ಚಾಕೊಲೇಟ್ ಕೇಕಿನ ತುಂಡು, ಅದರ ಮೇಲೆ ಐಸ್‌ಕ್ರೀಂ ಉಂಡೆ, ಸುತ್ತ ಚಾಕೊಲೇಟ್ ಸಾಸ್. ಕೇಕಿನ ಒಳಗೆ ಗಾಳಿಯ ಗುಳ್ಳೆಗಳು ತುಂಬಿರುವುದರಿಂದ ತಳದ ಶಾಖ ಮೇಲಿನ ಉಂಡೆಗೆ ಬೇಗ ತಲುಪುವುದಿಲ್ಲ. ಕಬ್ಬಿಣಕ್ಕೆ ತಾಗಿದ ಸಾಸ್ ಕುದಿಯುತ್ತದೆ, ಒಂದೂವರೆ ಅಂಗುಲ ಮೇಲೆ ಐಸ್‌ಕ್ರೀಂ ಇನ್ನೂ ಗಟ್ಟಿಯಾಗಿರುತ್ತದೆ. ಚೆನ್ನಾಗಿ ಮಾಡಿದಾಗ ಅದು ನಿಜಕ್ಕೂ ಸೊಗಸಾದ ತಿನಿಸು. ಕಡೆಯಲ್ಲಿ ಸಾಸು ಸೀದು ಕಹಿಯಾಗುವುದೊಂದೇ ಅದರ ಕೊರತೆ, ಅಷ್ಟರೊಳಗೆ ಮುಗಿಸಬೇಕು.

ಬಟ್ಟಲಿನೊಳಗೆ ಗಾಳಿ ಎಷ್ಟು

ಯಂತ್ರಗಳಿಲ್ಲದ ಕಾಲದಲ್ಲಿ ಮಂಜುಗಡ್ಡೆಯೇ ದೂರದ ಸರಕು. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಫ್ರೆಡರಿಕ್ ಟ್ಯೂಡರ್ ಕಳಿಸಿದ ಮಂಜುಗಡ್ಡೆ ಹಡಗಿನಲ್ಲಿ ಕಲ್ಕತ್ತಾ ಮುಟ್ಟಿತು. ಮದರಾಸಿನ ಕಡಲಂಚಿನಲ್ಲಿ ಅಂಥ ಮಂಜುಗಡ್ಡೆ ಇಡಲು 1842ರಲ್ಲಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಸ್ಮಾರಕವಾಗಿ ಉಳಿದಿದೆ. ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಅದು ಕರಗುತ್ತ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೆ ತಣ್ಣಗಾಗಬಲ್ಲದು. ಹಾಲನ್ನು ಗಟ್ಟಿಯಾಗಿಸಿದ ಕೈಯಂತ್ರಗಳೆಲ್ಲ ಈ ಗುಟ್ಟಿನ ಮೇಲೆಯೇ ನಡೆದವು. ಐಸ್ ಕ್ಯಾಂಡಿ ಕಾರ್ಖಾನೆಗಳಲ್ಲಿ ತಗಡಿನ ಅಚ್ಚುಗಳನ್ನು ಇಳಿಬಿಡುವುದೂ ತಣಿಸಿದ ಉಪ್ಪುನೀರಿನ ತೊಟ್ಟಿಗೇ.

ಐಸ್‌ಕ್ರೀಂಗೂ ಜೆಲಾಟೊಗೂ ನಡುವಿನ ವ್ಯತ್ಯಾಸ ಮೂರು ಕಡೆ ಕಾಣುತ್ತದೆ: ಕೊಬ್ಬು, ಗಾಳಿ, ಉಷ್ಣಾಂಶ. ಭಾರತದ ಆಹಾರ ಸುರಕ್ಷತಾ ನಿಯಮದಂತೆ ಐಸ್‌ಕ್ರೀಂ ಎಂದು ಮಾರಬೇಕಾದರೆ ಹಾಲಿನ ಕೊಬ್ಬು ಕನಿಷ್ಠ 10 ಶೇಕಡ ಇರಬೇಕು. ಜೆಲಾಟೊದಲ್ಲಿ ಸಾಮಾನ್ಯವಾಗಿ 4ರಿಂದ 8 ಶೇಕಡ. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿದ್ದನ್ನು ಐಸ್‌ಕ್ರೀಂ ಎನ್ನುವಂತಿಲ್ಲ, ಫ್ರೋಜನ್ ಡೆಸರ್ಟ್ ಎಂದು ಪೊಟ್ಟಣದ ಮೇಲೆ ಬರೆಯಬೇಕು. ಕೊಳ್ಳುವವರು ಈ ಎರಡು ಪದಗಳನ್ನು ಹುಡುಕಿ ಓದುವ ಅಭ್ಯಾಸ ಮಾಡಿಕೊಳ್ಳಬೇಕು, ಹಾಲಿನ ಹೆಸರಿನಲ್ಲಿ ಬೇರೇನನ್ನೋ ಕೊಳ್ಳುವುದು ತಪ್ಪುತ್ತದೆ.

ಗಾಳಿಯ ಲೆಕ್ಕ ಇನ್ನೂ ಮುಖ್ಯ. ಕಡೆಯುವಾಗ ಮಿಶ್ರಣಕ್ಕೆ ಗಾಳಿ ಸೇರಿ ಗಾತ್ರ ಹಿಗ್ಗುತ್ತದೆ. ಕಾರ್ಖಾನೆಯ ಐಸ್‌ಕ್ರೀಂನಲ್ಲಿ ಒಂದು ಲೀಟರ್ ಮಿಶ್ರಣ ಸುಮಾರು ಎರಡು ಲೀಟರ್ ಆಗುವಷ್ಟು ಗಾಳಿ ಸೇರಿರಬಹುದು. ಅದಕ್ಕೇ ಒಂದು ಲೀಟರ್ ಐಸ್‌ಕ್ರೀಂ ಕನಿಷ್ಠ 525 ಗ್ರಾಂ ತೂಗಬೇಕೆಂದು ನಿಯಮವಿದೆ. ಜೆಲಾಟೊ ನಿಧಾನವಾಗಿ ಕಡೆಯುವುದರಿಂದ ಗಾತ್ರ ಹಿಗ್ಗುವುದು 20ರಿಂದ 35 ಶೇಕಡ ಮಾತ್ರ. ಇದರಂತೆ 100 ಮಿಲಿಲೀಟರ್ ಬಟ್ಟಲಲ್ಲಿ ಹಗುರ ಐಸ್‌ಕ್ರೀಂ 53 ಗ್ರಾಂ ಇದ್ದರೆ ಜೆಲಾಟೊ 80 ಗ್ರಾಂ ದಾಟುತ್ತದೆ. ಜೆಲಾಟೊ ಅಂಗಡಿಯಲ್ಲಿ ಬೆಲೆ ಜಾಸ್ತಿ ಎನಿಸಿದಾಗ ಬಟ್ಟಲನ್ನು ತೂಕಕ್ಕೆ ಹಚ್ಚಿ ನೋಡಬೇಕು. ತೂಕದ ಲೆಕ್ಕದಲ್ಲಿಯೂ ದುಬಾರಿಯಾಗಿದ್ದರೆ ಆಗ ದೂರಬಹುದು.

ಉಷ್ಣಾಂಶದ ವಿಷಯ ನೇರವಾಗಿ ನಾಲಿಗೆಗೆ ಸಂಬಂಧಿಸಿದ್ದು. ಐಸ್‌ಕ್ರೀಂ ಅನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಡುತ್ತಾರೆ. ಜೆಲಾಟೊ ಬಡಿಸುವುದು 12ರಿಂದ 14 ಡಿಗ್ರಿ ಕೆಳಗೆ. ತಣ್ಣಗಾದಷ್ಟೂ ನಾಲಿಗೆ ಸಿಹಿಯನ್ನೂ ಪರಿಮಳವನ್ನೂ ಕಡಿಮೆ ಗುರುತಿಸುತ್ತದೆ. ಕರಗಿದ ಐಸ್‌ಕ್ರೀಂ ಕುಡಿದರೆ ತಡೆಯಲಾರದಷ್ಟು ಸಿಹಿ ಎನಿಸುವುದು ಇದರಿಂದಲೇ. ಜೆಲಾಟೊ ಅಷ್ಟು ತಣ್ಣಗಿಲ್ಲದ ಕಾರಣ ಹಣ್ಣಿನ ರುಚಿ ಬೇಗ ಮೇಲೇಳುತ್ತದೆ, ಬಾಯಿಗೆ ಮೆತ್ತಗೂ ಇರುತ್ತದೆ. ಬಿಸಿ ಊಟ ಮುಗಿಸಿ ಎದ್ದೊಡನೆ ದೊಡ್ಡ ತುತ್ತು ನುಂಗಿದರೆ ಅಂಗುಳಿನ ರಕ್ತನಾಳಗಳು ಥಟ್ಟನೆ ಕುಗ್ಗಿ ಹಿಗ್ಗಿ ಹಣೆ ಸಿಡಿಯಬಹುದು. ಒಂದು ಲೋಟ ಸಾಧಾರಣ ನೀರು ಕುಡಿದು, ಕಾಲು ಗಂಟೆ ಬಿಟ್ಟು, ಚಿಕ್ಕ ಚಮಚದಲ್ಲಿ ತಿಂದರೆ ಆ ತೊಂದರೆ ಇಲ್ಲ.

ಒಳ್ಳೆಯ ಜೆಲಾಟೊವನ್ನು ನೋಟದಿಂದಲೂ ಗುರುತಿಸಬಹುದು. ಪೆಟ್ಟಿಗೆಯ ಮೇಲೆ ಗೋಪುರದಂತೆ ಎತ್ತರಕ್ಕೆ ಪೇರಿಸಿದ್ದರೆ ಅದರಲ್ಲಿ ಗಾಳಿಯೋ ಗಟ್ಟಿಕಾರಕವೋ ಹೆಚ್ಚಿರುವ ಸಂಭವವಿದೆ. ಪಿಸ್ತಾ ಕಣ್ಣು ಕುಕ್ಕುವ ಹಸಿರಾಗಿದ್ದರೆ, ಬಾಳೆಹಣ್ಣು ಹಳದಿಯಾಗಿದ್ದರೆ ಬಣ್ಣ ಹಾಕಿದ್ದಾರೆ ಎಂದರ್ಥ. ನಿಜವಾದ ಪಿಸ್ತಾ ಮಂಕಾದ ಕಂದುಹಸಿರು, ಬಾಳೆಹಣ್ಣು ಬೂದುಬಿಳಿ. ನಾಲಿಗೆಗೆ ಮರಳು ತಾಗಿದಂತಾದರೆ ಮಂಜಿನ ಹರಳು ದೊಡ್ಡದಾಗಿದೆ. ಹರಳು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಚಿಕ್ಕದಿದ್ದರೆ ಮಾತ್ರ ನುಣುಪು. ಒಮ್ಮೆ ಅರ್ಧ ಕರಗಿ ಮತ್ತೆ ಗಟ್ಟಿಯಾದರೆ ಸಣ್ಣ ಹರಳುಗಳು ಕೂಡಿಕೊಂಡು ದೊಡ್ಡದಾಗುತ್ತವೆ, ಆಮೇಲೆ ಅದನ್ನು ಸರಿಪಡಿಸಲು ಮರಳಿ ಕರಗಿಸಿ ಕಡೆಯುವುದೊಂದೇ ದಾರಿ. ಬೇಸಿಗೆಯಲ್ಲಿ ಪದೇ ಪದೇ ಕರೆಂಟ್ ಹೋಗುವ ಊರುಗಳಲ್ಲಿ ಜೆಲಾಟೊ ಅಂಗಡಿ ನಡೆಸುವುದು ಕಷ್ಟವಾಗುವುದು ಈ ಕಾರಣಕ್ಕೆ. ಗಟ್ಟಿಯಾಗಿ ಹೆಪ್ಪುಗಟ್ಟಿದ ಕುಲ್ಫಿ, ಕ್ಯಾಂಡಿಗಳು ಒಂದೆರಡು ಗಂಟೆ ತಡೆದುಕೊಳ್ಳುತ್ತವೆ. ಮೊದಲೇ ಮೆತ್ತಗಿರುವ ಜೆಲಾಟೊ ತಡೆಯುವುದಿಲ್ಲ.

ಈ ನೆಲದ ಸೀತಾಫಲ, ಶೇಂಗಾ

ನಾಯಕನಹಟ್ಟಿಯ ಸುತ್ತಿನ ಹುಲ್ಲುಗಾವಲುಗಳಿಗೆ ಹಾಲು ಬೆಣ್ಣೆಯ ಹಳೆಯ ನಂಟಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಬೆಣ್ಣೆ ಚಾವಡಿ ಎಂಬ ಇಲಾಖೆ ಇತ್ತು. ಟಿಪ್ಪುವಿನ ಕಾಲಕ್ಕೆ ಅದು ಅಮೃತಮಹಲ್ ಆಯಿತು. ಅದರ ದನಗಳು ಮೇಯಲು ಕಾವಲುಗಳನ್ನು ಮೀಸಲಿಡಲಾಗಿತ್ತು. ಅಮೃತಮಹಲ್ ತಳಿ ಹೆಸರು ಗಳಿಸಿದ್ದು ಮಾತ್ರ ಹಾಲಿಗಿಂತ ಹೆಚ್ಚಾಗಿ ಫಿರಂಗಿ ಎಳೆಯುವ ಎತ್ತುಗಳಿಂದ. ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು 10,000 ಎಕರೆ ಈಗ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ ಮುಂತಾದ ಸಂಸ್ಥೆಗಳ ಪಾಲಾಗಿದೆ. ವಿಜ್ಞಾನ ಸಂಸ್ಥೆಯ ಕುದಾಪುರ ಆವರಣ ನಾಯಕನಹಟ್ಟಿಗೆ ಹತ್ತಿರದಲ್ಲೇ ಇದೆ. ಮೇವಿನ ನೆಲ ಕಳೆದುಕೊಂಡ ದನಗಾಹಿ, ಕುರಿಗಾಹಿಗಳ ನೋವು ದೊಡ್ಡದು. ಅದನ್ನು ಊಟದ ಲೇಖನದ ಒಂದು ಸಾಲಿನಲ್ಲಿ ಹೇಳಿ ಮುಗಿಸುವಂತಿಲ್ಲ. ಇಲ್ಲಿಗೆ ಸಂಬಂಧಿಸಿದ ಸಂಗತಿಯೆಂದರೆ, ತರಬೇತಿಗೂ ಸಂಶೋಧನೆಗೂ ಹೊರಗಿನಿಂದ ಬಂದುಳಿಯುವವರಿಂದ ಹೊಸ ಬಗೆಯ ಊಟ ಕೇಳುವ ಗಿರಾಕಿಗಳೂ ಈ ಸೀಮೆಗೆ ಬಂದಿದ್ದಾರೆ.

ಅಂಥವರಿಗೆಂದು ಇಲ್ಲಿ ಜೆಲಾಟೊ ಮಾಡುವವರಿಗೆ ಸಾಮಗ್ರಿ ಹೊರಗಿನಿಂದ ತರಬೇಕಿಲ್ಲ. ಮೊದಲನೆಯದು ಸೀತಾಫಲ. ಚಿತ್ರದುರ್ಗದ ಕಲ್ಲುಗುಡ್ಡಗಳಲ್ಲಿ ಅದು ಯಾರೂ ನೀರು ಕೊಡದೆ ಬೆಳೆಯುತ್ತದೆ. ಮಳೆಗಾಲ ಹಿಂದೆಗೆಯುವ ಹೊತ್ತಿಗೆ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ತುಂಬಿ ರಸ್ತೆ ಬದಿ ಕೂರುತ್ತಾರೆ. ಇದರ ತಿರುಳನ್ನು ಕುದಿಸುವಂತಿಲ್ಲ, ಕಾವು ಹೆಚ್ಚಿದರೆ ಕಹಿಯಾಗುತ್ತದೆ. ಆದ್ದರಿಂದ ಹಾಲು, ಸಕ್ಕರೆಯ ಮಿಶ್ರಣವನ್ನು ಮೊದಲು 85 ಡಿಗ್ರಿಗೆ ಕಾಯಿಸಿ, 4 ಡಿಗ್ರಿಗೆ ತಣಿಸಿ, ಕೆಲವು ಗಂಟೆ ಇಟ್ಟು, ಕಡೆಯುವ ಸಮಯಕ್ಕೆ ಸರಿಯಾಗಿ ತಿರುಳು ಸೇರಿಸಬೇಕು. ಬೀಜ ಒಂದೂ ಒಡೆಯದಂತೆ ಬಿಡಿಸಬೇಕು, ಏಕೆಂದರೆ ಅದರ ಪಪ್ಪು ವಿಷ. ಹಣ್ಣಿನಲ್ಲಿಯೇ ಸಕ್ಕರೆ ಬಹಳ ಇರುವುದರಿಂದ ಹೊರಗಿನ ಸಕ್ಕರೆ ತಗ್ಗಿಸಬೇಕು. ಸಕ್ಕರೆ ಮಿತಿಮೀರಿದರೆ ಮಿಶ್ರಣ ಎಷ್ಟು ತಣಿಸಿದರೂ ಗಟ್ಟಿಯಾಗುವುದಿಲ್ಲ.

ಎರಡನೆಯದು ಶೇಂಗಾ. ಇಟಲಿಯವರು ಹೇಜಲ್‌ನಟ್ ಎಂಬ ಬೀಜವನ್ನು ಹುರಿದು ಅರೆದು ಜೆಲಾಟೊ ಮಾಡುತ್ತಾರೆ. ಚಳ್ಳಕೆರೆಯ ಶೇಂಗಾಕ್ಕೂ ಅದೇ ವಿಧಾನ ಒಪ್ಪುತ್ತದೆ. ಹದವಾಗಿ ಹುರಿದು, ಸಿಪ್ಪೆ ಉಜ್ಜಿ ಕೇರಿ, ಎಣ್ಣೆ ಬಿಡುವವರೆಗೆ ಅರೆಯಬೇಕು. ಬೀಜದ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ ಆದ್ದರಿಂದ ಮಿಶ್ರಣಕ್ಕೆ ಕೆನೆ ಬೇಡ, 3 ಶೇಕಡ ಕೊಬ್ಬಿನ ಪ್ಯಾಕೆಟ್ ಹಾಲು ಸಾಕು. ಒಂದು ಲೀಟರ್ ಹಾಲಿಗೆ 100 ಗ್ರಾಂ ಹಿಟ್ಟು ಹಾಕಿದರೆ ಕೊಬ್ಬು ಜೆಲಾಟೊದ ಅಳತೆಗೆ ತಾನಾಗಿ ಬರುತ್ತದೆ. ಇದನ್ನು ಮಾರುವಾಗ ಶೇಂಗಾ ಇದೆ ಎಂದು ಫಲಕದಲ್ಲಿ ಕಾಣುವಂತೆ ಬರೆಯಬೇಕು, ಅದು ಒಗ್ಗದವರೂ ಇರುತ್ತಾರೆ.

ಕಾಲಮಾನ ಹೊಂದಿಸುವುದೊಂದು ಉಳಿಯುತ್ತದೆ. ಸೀತಾಫಲ ಮುಗಿದು ಮೂರು ನಾಲ್ಕು ತಿಂಗಳಾದ ಮೇಲೆ ನಾಯಕನಹಟ್ಟಿಯ ತೇರು. ಹಣ್ಣು ಸಿಗುವ ಕಾಲದಲ್ಲೇ ತಿರುಳು ಬಿಡಿಸಿ, ಗಾಳಿಯಾಡದ ಡಬ್ಬಿಗಳಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಟ್ಟರೆ ಮಾರ್ಚ್‌ವರೆಗೆ ಬಾಳುತ್ತದೆ. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೀಳುತ್ತಾರೆ. ಒಣಗಿದ ಕಾಯಿ ಚೀಲದಲ್ಲಿ ಜಾತ್ರೆಯವರೆಗೂ ಇರುತ್ತದೆ. ಬೇಕಾದ ದಿನ ಬಿಡಿಸಿ ಹುರಿದುಕೊಂಡರಾಯಿತು.